ಪದಚರ್ಚೆ: ಫಿಗರ್ ಸ್ಕೇಟಿಂಗ್‌ನಲ್ಲಿ ‘ಫ್ಲಿಪ್’ ಬೇರೆ, ‘ಲಾಗ’ ಬೇರೆ

ಗೆಳೆಯರೇ,

ಮಂಜುಗಡ್ಡೆಯ ಮೇಲೆ ಆಡುವ ಫಿಗರ್ ಸ್ಕೇಟಿಂಗ್‌ನ ಫ್ರೆಂಚ್ ಪಟು ಅದಾಂ ಸಿಯಾವ್ ಇಮ್ ಫಾ ಅವರ ಬಗ್ಗೆ ಕನ್ನಡದಲ್ಲಿ ಬರೆಯಹೊರಟರೆ ಎದುರಾಗುವ ಪದಗಳ ತೊಡಕು ಇದು. ‘ಬ್ಯಾಕ್‌ಫ್ಲಿಪ್ ಜಂಪ್ ಮಾಡಿ ಚಿನ್ನ ಗೆದ್ದರು’ ಎಂದು ಬರೆದರೆ ಒಂದೇ ವಾಕ್ಯದಲ್ಲಿ ಎರಡು ತಪ್ಪು ಸೇರಿಕೊಳ್ಳುತ್ತವೆ.

ಮೊದಲನೆಯದು ಪದದ ತಪ್ಪು. ಈ ಆಟದಲ್ಲಿ ‘ಫ್ಲಿಪ್’ ಎಂಬ ಹೆಸರಿನ ನೆಗೆತ ಬೇರೆಯೇ ಇದೆ. ಅಲ್ಲಿ ದೇಹ ನೆಟ್ಟಗಿದ್ದು, ಬುಗುರಿಯ ಹಾಗೆ ಗಾಳಿಯಲ್ಲಿ ಸುತ್ತುತ್ತದೆ. ತಲೆ ಕೆಳಗಾಗುವುದೇ ಇಲ್ಲ. ಬ್ಯಾಕ್‌ಫ್ಲಿಪ್ ಎಂದರೆ ಹಿಂದಕ್ಕೆ ಹಾಕುವ ಲಾಗ. ಫ್ರೆಂಚರು ಎರಡನ್ನೂ ಬೆರೆಸುವುದಿಲ್ಲ: ನೆಗೆತಕ್ಕೆ ‘ಫ್ಲಿಪ್’, ಲಾಗಕ್ಕೆ ‘ಸಾಲ್ತೋ ಅರಿಯೇರ್’. ನಮ್ಮಲ್ಲಿ ‘ಲಾಗ ಹಾಕು’ ಎಂಬ ರೂಢಿಯ ಬಳಕೆ ಇರುವಾಗ ಬ್ಯಾಕ್‌ಫ್ಲಿಪ್ ಯಾಕೆ ಬೇಕು? ‘ಹಿಂಲಾಗ’ ಎಂದರೆ ಸಾಕು. ‘ಪಲ್ಟಿ’ ಬೇಡ, ಅದು ಲಾರಿ ಮಗುಚುವುದನ್ನು ನೆನಪಿಸುತ್ತದೆ.

ಎರಡನೆಯದು ಅರ್ಥದ ತಪ್ಪು. 2024ರ ಜನವರಿಯಲ್ಲಿ ಲಿಥುವೇನಿಯಾದ ಕೌನಾಸ್‌ನಲ್ಲಿ ನಡೆದ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ಅವರು ಹಿಂಲಾಗ ಹಾಕಿದಾಗ ಅದು ನಿಷಿದ್ಧವಾಗಿತ್ತು, 2 ಅಂಕ ಕಡಿತವಾಯಿತು. ‘ಲಾಗ ಹಾಕಿ ಗೆದ್ದರು’ ಅಲ್ಲ, ‘ಲಾಗಕ್ಕೆ 2 ಅಂಕ ತೆತ್ತೂ ಗೆದ್ದರು’ ಎನ್ನಬೇಕು. ಆ ಒಂದು ‘ಊ’ಕಾರದಲ್ಲಿ ಇಡೀ ಸುದ್ದಿ ಇದೆ. 1976ರ ಇನ್ಸ್‌ಬ್ರುಕ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಟೆರಿ ಕುಬಿಕಾ ಹಿಂಲಾಗ ಹಾಕಿದ ಮೇಲೆ ಅದನ್ನು ನಿಷೇಧಿಸಲಾಯಿತು. 1998ರ ನಾಗಾನೊ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸಿನವರೇ ಆದ ಸೂರ್ಯಾ ಬೊನಾಲಿ ನಿಷೇಧ ಗೊತ್ತಿದ್ದೂ ಲಾಗ ಹಾಕಿ ಒಂಟಿಗಾಲಲ್ಲಿ ಇಳಿದರು. 2024-25ರ ಋತುವಿನಿಂದ ನಿಷೇಧ ತೆರವಾಗಿದೆ. ಆದರೂ ನೆಗೆತಗಳಿಗಿರುವಂತೆ ಲಾಗಕ್ಕೆ ಪ್ರತ್ಯೇಕ ಮೂಲ ಅಂಕವಿಲ್ಲ.

ಇನ್ನು ‘ಎಡ್ಜ್’. ಹೆಚ್ಚು ಗೊಂದಲ ಇಲ್ಲೇ. ಇದನ್ನು ‘ಅಲಗು’ ಎಂದರೆ ಸ್ಕೇಟರ್ ಬೂಟಿನಡಿಯ ಬ್ಲೇಡಿಗೆ ಪದ ಉಳಿಯುವುದಿಲ್ಲ. ಈ ಬ್ಲೇಡು ಸುಮಾರು 4 ಮಿ.ಮೀ. ದಪ್ಪ. ಅದರ ತಳ ಕತ್ತಿಯ ಬಾಯಿಯಂತೆ ಚೂಪಾಗಿರುವುದಿಲ್ಲ; ನಡುವೆ ಉದ್ದಕ್ಕೂ ಸಣ್ಣ ತೋಡು ಇದ್ದು, ಎರಡು ಪಕ್ಕದಲ್ಲೂ ಒಂದೊಂದು ಹರಿತ ಏಣು ಎದ್ದಿರುತ್ತದೆ. ಒಂದೇ ಸೀರೆಗೆ ಎರಡು ಅಂಚು ಇದ್ದ ಹಾಗೆ. ಹಾಗಾಗಿ ಬ್ಲೇಡಿಗೆ ‘ಅಲಗು’, ಎಡ್ಜಿಗೆ ‘ಅಂಚು’; ಇನ್ನೊಂದು ಕಾಲಿನ ಕಡೆಗಿರುವುದು ‘ಒಳಂಚು’, ಆಚೆಗಿರುವುದು ‘ಹೊರಂಚು’. ಅಲಗಿನ ಮೂತಿಯಲ್ಲಿರುವ ಗರಗಸದಂಥ ಹಲ್ಲುಗಳಿಗೆ ‘ಮುಂಬಲ್ಲು’ ಚೆನ್ನಾಗಿ ಒಪ್ಪುತ್ತದೆ.

ಈ ನಾಲ್ಕು ಪದ ಕೈಯಲ್ಲಿದ್ದರೆ ಫ್ಲಿಪ್‌ಗೂ ಲುಟ್ಜ್ ಎಂಬ ಇನ್ನೊಂದು ನೆಗೆತಕ್ಕೂ ಇರುವ ವ್ಯತ್ಯಾಸವನ್ನು ಕನ್ನಡದಲ್ಲೇ ಹೇಳಬಹುದು. ಅಪ್ರದಕ್ಷಿಣವಾಗಿ ಸುತ್ತುವವರು ಎರಡರಲ್ಲೂ ಎಡಗಾಲ ಮೇಲೆ ಹಿಮ್ಮುಖವಾಗಿ ಸಾಗಿ, ಬಲಗಾಲಿನ ಮುಂಬಲ್ಲನ್ನು ಮಂಜುಗಡ್ಡೆಗೆ ಕಚ್ಚಿಸಿ ನೆಗೆಯುತ್ತಾರೆ. ಬಲಗಾಲಿನ ಹೊರಂಚಿನ ಮೇಲೆ ಹಿಮ್ಮುಖವಾಗಿಯೇ ಇಳಿಯುತ್ತಾರೆ. ವ್ಯತ್ಯಾಸವಿಷ್ಟೇ: ಫ್ಲಿಪ್‌ಗೆ ಎಡಗಾಲಿನ ಒಳಂಚು, ಲುಟ್ಜ್‌ಗೆ ಹೊರಂಚು. ಲುಟ್ಜ್‌ನಲ್ಲಿ ಸಾಗುತ್ತಿರುವ ಬಾಗಿದ ಹಾದಿಗೆ ಎದುರು ದಿಕ್ಕಿನಲ್ಲಿ ಮೈ ಸುತ್ತಬೇಕು. ಅದಕ್ಕೇ ನೆಗೆಯುವ ಕೊನೆಯ ಗಳಿಗೆಯಲ್ಲಿ ಪಾದ ತಾನಾಗಿಯೇ ಒಳಂಚಿಗೆ ವಾಲಿಬಿಡುತ್ತದೆ; ತೀರ್ಪಿನ ಹಾಳೆಯಲ್ಲಿ ‘ಇ’ ಗುರುತು ಬಿದ್ದು ಅಂಕ ಇಳಿಯುತ್ತದೆ. ಇದಕ್ಕೆ ‘ಅಂಚು ತಪ್ಪು’ ಎನ್ನೋಣ. ಲುಟ್ಜ್, ಸಾಲ್ಕೋ, ಆಕ್ಸೆಲ್ ಎಂಬ ನೆಗೆತಗಳಿಗಿರುವುದು ವ್ಯಕ್ತಿಗಳ ಹೆಸರುಗಳು, ಅನುವಾದಿಸಲು ಹೋಗಬಾರದು.

ರೊಟೇಶನ್‌ಗೆ ‘ಸುತ್ತು’, ಸ್ಪಿನ್‌ಗೆ ‘ಗಿರಕಿ’. ಒಂದು ಗಾಳಿಯಲ್ಲಿ, ಇನ್ನೊಂದು ನಿಂತಲ್ಲೇ. ಹಾಗಾದರೆ ಟ್ರಿಪಲ್ ಆಕ್ಸೆಲ್ ಎಷ್ಟು ಸುತ್ತು? ಮೂರಲ್ಲ, ಮೂರೂವರೆ, ಆಕ್ಸೆಲ್‌ಗೆ ಮುಮ್ಮುಖವಾಗಿ ನೆಗೆದು ಹಿಮ್ಮುಖವಾಗಿ ಇಳಿಯುವುದರಿಂದ ಅರ್ಧ ಸುತ್ತು ಹೆಚ್ಚು. ಸುತ್ತು ಪೂರ್ತಿಯಾಗದೆ ಇಳಿದರೆ ‘ಸುತ್ತು ತುಂಬಲಿಲ್ಲ’ ಎಂದು ಸರಾಗವಾಗಿ ಹೇಳಬಹುದು. ಆದರೆ ‘ಕಾಲು ಸುತ್ತು ಕಡಿಮೆ’ ಎಂದು ಮಾತ್ರ ಬರೆಯಬೇಡಿ. ಎಡಗಾಲು ಬಲಗಾಲುಗಳ ನಡುವೆ ಅದು ಯಾವ ಕಾಲೋ ಎಂದು ಓದುಗರು ತಡವರಿಸುತ್ತಾರೆ. ‘ಕಾಲುಭಾಗ ಸುತ್ತು’ ಸುರಕ್ಷಿತ.

ಸ್ಪರ್ಧೆ ನಡೆಯುವುದು ‘ಶಾರ್ಟ್ ಪ್ರೋಗ್ರಾಂ’, ‘ಫ್ರೀ ಸ್ಕೇಟಿಂಗ್’ ಎಂಬ ಎರಡು ಹಂತಗಳಲ್ಲಿ. ಮೊದಲನೆಯದನ್ನು ‘ಕಿರು ಕಾರ್ಯಕ್ರಮ’ ಮಾಡಿದರೆ ದೀಪ ಬೆಳಗಿಸಿ ಸ್ವಾಗತ ಕೋರುವ ಸಭೆಯ ನೆನಪಾಗುತ್ತದೆ. ‘ಕಿರು ಪ್ರದರ್ಶನ’, ‘ಮುಕ್ತ ಪ್ರದರ್ಶನ’ ಇರಲಿ. ಪುರುಷರಿಗೆ ಮೊದಲನೆಯದು 2 ನಿಮಿಷ 40 ಸೆಕೆಂಡು, ಎರಡನೆಯದು 4 ನಿಮಿಷ. ಎರಡಕ್ಕೂ 10 ಸೆಕೆಂಡು ಆಚೀಚೆ ನಡೆಯುತ್ತದೆ. ಇವೆರಡನ್ನೂ ಬೇರೆ ಬೇರೆ ಹೆಸರಿಸದಿದ್ದರೆ 2024ರ ಮಾರ್ಚ್‌ನಲ್ಲಿ ಮಾಂಟ್ರಿಯಲ್‌ನಲ್ಲಿ ನಡೆದದ್ದು ಅರ್ಥವೇ ಆಗುವುದಿಲ್ಲ. ವಿಶ್ವ ಚಾಂಪಿಯನ್‌ಷಿಪ್‌ನ ಕಿರು ಪ್ರದರ್ಶನದಲ್ಲಿ ಅದಾಂ 19ನೆಯವರು. ಮುಂದಕ್ಕೆ ಹೋಗುವುದು 24 ಮಂದಿ ಮಾತ್ರ. ಅಲ್ಲಿಂದ ಎದ್ದು, ಮುಕ್ತ ಪ್ರದರ್ಶನದ ಅಂಕ ಸೇರಿದಾಗ ಕಂಚು ಅವರದಾಯಿತು.

ಆಟದ ಹೆಸರನ್ನೇ ಕನ್ನಡಿಸಬೇಕೇ? ‘ಫಿಗರ್’ ಎಂದರೆ ಅಲಗಿನಿಂದ ಮಂಜುಗಡ್ಡೆಯ ಮೇಲೆ ಗೀರುತ್ತಿದ್ದ ಎಂಟರಂಥ ಆಕೃತಿಗಳು. ಆ ಸ್ಪರ್ಧೆ 1990ರ ನಂತರ ವಿಶ್ವಮಟ್ಟದಲ್ಲಿ ನಿಂತುಹೋಯಿತು, ಹೆಸರು ಮಾತ್ರ ಉಳಿಯಿತು. ಫ್ರೆಂಚರದು ‘ಪಾತಿನಾಜ್ ಆರ್ತಿಸ್ತಿಕ್’, ಕಲಾತ್ಮಕ ಸ್ಕೇಟಿಂಗ್. ‘ಜಾರಾಟ’ ಎನ್ನಲು ನನಗೆ ಮನಸ್ಸಿಲ್ಲ. ‘ಮೂರನೇ ನೆಗೆತದ ನಂತರ ಜಾರಿದರು’ ಎಂದರೆ ಬಿದ್ದರೋ ಮುಂದೆ ಸಾಗಿದರೋ? ಬಿದ್ದರೆ ಅಂಕ ಕಡಿತವಾಗುವ ಆಟದಲ್ಲಿ ಈ ಅನುಮಾನ ಇರಬಾರದು. ಆದ್ದರಿಂದ ‘ಸ್ಕೇಟಿಂಗ್’ ಇರಲಿ, ಕ್ರಿಯಾಪದ ‘ಸಾಗು’ ಆಗಲಿ. ನೆಲಕ್ಕೆ ‘ಹಿಮ’ ಬೇಡ, ಅದು ಉದುರುವುದು, ಇದು ‘ಮಂಜುಗಡ್ಡೆ’. ಹೆಸರಿನ ವಿಷಯಕ್ಕೆ ಬಂದರೆ, ‘ಸಿಯಾವ್ ಇಮ್ ಫಾ’ ಮೂರೂ ಸೇರಿ ಒಂದೇ ಮನೆತನದ ಹೆಸರು. ಶೀರ್ಷಿಕೆಯಲ್ಲಿ ಜಾಗ ಸಾಲದೆಂದು ‘ಫಾ’ ಎಂದು ಮೊಟಕುಗೊಳಿಸಬಾರದು. ಬೇಕಾದರೆ ‘ಅದಾಂ’ ಎನ್ನಿ.

ನನಗೆ ಸಿಗದೇ ಉಳಿದಿರುವುದು ‘ಲ್ಯಾಂಡಿಂಗ್’. ‘ಇಳಿದರು’ ಕ್ರಿಯಾಪದವಾಗಿ ಸರಿ, ಆದರೆ ನಾಮಪದ ಬೇಕು: ‘ಅವರ ಲ್ಯಾಂಡಿಂಗ್ ಹಗುರ’ ಎನ್ನುವಲ್ಲಿ ‘ಇಳಿತ’ ಎಂದರೆ ಬೆಲೆ ಇಳಿದಂತೆ ಕೇಳಿಸುತ್ತದೆ. ‘ಕಾಲೂರಿಕೆ’ ಹತ್ತಿರ ಬರುತ್ತದೆ, ಆದರೆ ಭಾರ. ಯಕ್ಷಗಾನದ ತೆಂಕುತಿಟ್ಟಿನಲ್ಲಿ ಧಿಗಿಣ ಹಾರಿ ನೆಲ ಮುಟ್ಟುವುದಕ್ಕೆ ಅಥವಾ ಗರಡಿಯಲ್ಲಿ ಲಾಗ ಮುಗಿಸಿ ನಿಲ್ಲುವುದಕ್ಕೆ ಬೇರೆ ಮಾತಿದೆಯೇ? ಬಲ್ಲವರು, ಅದು ಬಳಕೆಯಲ್ಲಿರುವ ಊರಿನ ಹೆಸರಿನೊಂದಿಗೆ ತಿಳಿಸಿ.