ಹಳೆಯ ಕಾರಿನ ಕಾರ್ಬ್ಯುರೇಟರ್: ಬಿಚ್ಚುವ ಮೊದಲು, ಬಿಚ್ಚಿದ ಮೇಲೆ

ಪ್ರಶ್ನೆ: ನಮಸ್ಕಾರ ಸರ್. ನನ್ನದು 1991ರ ಪೆಟ್ರೋಲ್ ಕಾರು. ನಾಲ್ಕು ಸಿಲಿಂಡರ್, ಗಾಳಿಗೆ ಪೆಟ್ರೋಲ್ ಬೆರೆಸುವ ಎರಡು ಬ್ಯಾರೆಲ್‌ನ (ಎರಡು ಗಾಳಿ ಕೊಳವೆಗಳ) ಕಾರ್ಬ್ಯುರೇಟರ್, ಪ್ಲಗ್‌ಗಳಿಗೆ ಕಿಡಿಯ ವಿದ್ಯುತ್ ಹಂಚುವ, ಪಾಯಿಂಟ್ ಇರುವ ಡಿಸ್ಟ್ರಿಬ್ಯೂಟರ್. ಬಹಳ ಕಾಲ ಓಡಿಸದೆ ನಿಲ್ಲಿಸಿದ್ದೆವು. ಬೆಳಿಗ್ಗೆ ಚೋಕ್ (ಗಾಳಿ ತಡೆದು ಪೆಟ್ರೋಲ್ ಪಾಲು ಹೆಚ್ಚಿಸುವ ತಟ್ಟೆ) ಎಳೆದರೆ ಸಲೀಸಾಗಿ ಸ್ಟಾರ್ಟ್ ಆಗುತ್ತದೆ. ತಕರಾರು ಶುರುವಾಗುವುದು ಎಂಜಿನ್ ಬಿಸಿಯಾದ ಮೇಲೆ. ಸಿಗ್ನಲ್‌ನಲ್ಲಿ ನಿಂತರೆ ಕುಂಟುತ್ತ ಕುಂಟುತ್ತ ಆಫ್ ಆಗುತ್ತದೆ. ಆಕ್ಸಿಲರೇಟರ್ ಒತ್ತಿದರೆ ಒಂದು ಕ್ಷಣ ಮುಗ್ಗರಿಸಿ ಆಮೇಲೆ ಎಳೆಯುತ್ತದೆ. ನಿಲ್ಲಿಸಿದಾಗ ಪೆಟ್ರೋಲ್ ವಾಸನೆ ಬೇರೆ. ಒಬ್ಬ ಮೆಕ್ಯಾನಿಕ್ ಕಾರ್ಬ್ಯುರೇಟರ್ ಮುಗಿದೇ ಹೋಗಿದೆ, ಹೊಸದು ಹಾಕಿಸಿ ಎಂದರು. ಇನ್ನೊಬ್ಬರು ಸ್ಕ್ರೂ ತಿರುಗಿಸಿ ಸ್ಲೋ ಸ್ಪೀಡ್ (ಆಕ್ಸಿಲರೇಟರ್ ಒತ್ತದಿದ್ದಾಗ ಎಂಜಿನ್ ತಿರುಗುವ ವೇಗ) ಏರಿಸಿ ಕಳಿಸಿದರು. ನಾನೇ ಬಿಚ್ಚಿ ಸರಿಮಾಡಿಕೊಳ್ಳಬಹುದೇ?

ಉತ್ತರ: ಬಿಚ್ಚಬಹುದು, ಆದರೆ ಇವತ್ತೇ ಬೇಡ. ಹೊಸದು ಹಾಕಿಸಿ ಎಂದವರಾಗಲಿ, ಸ್ಕ್ರೂ ತಿರುಗಿಸಿದವರಾಗಲಿ ಪ್ಲಗ್ ಬಿಚ್ಚಿ ನೋಡಿದರೇ? ನೀವು ಬರೆದಿಲ್ಲ, ಬಹುಶಃ ನೋಡಿಲ್ಲ. ಹಳೆಯ ಕಾರಿನಲ್ಲಿ ಏನೇ ಆದರೂ ಕಾರ್ಬ್ಯುರೇಟರ್ ಮೇಲೆ ಗೂಬೆ ಕೂರಿಸುವುದು ಒಂದು ಚಾಳಿ. ನನ್ನ ಹತ್ತಿರ ಕಾರ್ಬ್ಯುರೇಟರ್ ದೂರು ಹೊತ್ತು ಬರುವ ಗಾಡಿಗಳಲ್ಲಿ ಎಷ್ಟೋ ಸಲ ಸಿಗುವುದು ಸುಟ್ಟ ಪಾಯಿಂಟ್, ಸತ್ತ ಕಂಡೆನ್ಸರ್ (ಪಾಯಿಂಟ್ ಸುಡದಂತೆ ಕಾಯುವ ಭಾಗ) ಅಥವಾ ಒಡೆದ ವ್ಯಾಕ್ಯೂಮ್ ಪೈಪ್.

ಆದ್ದರಿಂದ ಮೊದಲು ಇಗ್ನಿಷನ್, ಅಂದರೆ ಕಿಡಿಯ ವ್ಯವಸ್ಥೆ. ಪಾಯಿಂಟ್ ಗ್ಯಾಪ್, ಟೈಮಿಂಗ್, ಪ್ಲಗ್ ಕೇಬಲ್, ಡಿಸ್ಟ್ರಿಬ್ಯೂಟರ್ ಕ್ಯಾಪ್ ಸರಿಯಿರಬೇಕು. ಟ್ಯಾಪೆಟ್ ಗ್ಯಾಪ್ (ಎಂಜಿನ್ ವಾಲ್ವ್‌ಗಳ ಸಂದು) ಎಂದು ನೋಡಿದ್ದೋ ನೆನಪಿಲ್ಲದಿದ್ದರೆ ಅದನ್ನೂ ನೋಡಿ. ಆಮೇಲೆ ಗಾಡಿಯನ್ನು ಚೆನ್ನಾಗಿ ಓಡಿಸಿ ಬಂದು ನಾಲ್ಕೂ ಪ್ಲಗ್ ಬಿಚ್ಚಿ ಸಾಲಾಗಿ ಇಡಿ. ಬೆರಳಿಗೆ ಹತ್ತುವ ಒಣ ಕಪ್ಪು ಮಸಿಯಿದ್ದರೆ ಪೆಟ್ರೋಲ್ ಹೆಚ್ಚಾಗಿದೆ. ಜಿಡ್ಡು ಜಿಡ್ಡಾದ ಕಪ್ಪಿದ್ದರೆ ಎಂಜಿನ್ ಆಯಿಲ್ ಉರಿಯುತ್ತಿದೆ, ಅದಕ್ಕೂ ಕಾರ್ಬ್ಯುರೇಟರ್‌ಗೂ ಸಂಬಂಧವಿಲ್ಲ. ಸುಣ್ಣದಂತೆ ಬಿಳಿಚಿದ್ದರೆ ಗಾಳಿ ಹೆಚ್ಚು. ನಾಲ್ಕರಲ್ಲಿ ಒಂದು ಮಾತ್ರ ಬೇರೆ ಬಣ್ಣದಲ್ಲಿದ್ದರೆ ಆ ಸಿಲಿಂಡರಿನದೇ ಏನೋ ಕಥೆ. ನಾಲ್ಕಕ್ಕೂ ಉಣಿಸುವ ಒಂದೇ ಕಾರ್ಬ್ಯುರೇಟರ್ ಒಂದಕ್ಕೆ ಮಾತ್ರ ಪಕ್ಷಪಾತ ಮಾಡುವುದಿಲ್ಲ.

ಇಷ್ಟಾದ ಮೇಲೆ, ಕಾರ್ಬ್ಯುರೇಟರ್ ಗಾಡಿಯಲ್ಲೇ ಇರುವಾಗ ಮಾಡಬಹುದಾದ ಪರೀಕ್ಷೆಗಳಿವೆ.

ಎಂಜಿನ್ ಆಫ್ ಮಾಡಿ, ಏರ್ ಫಿಲ್ಟರ್ ತೆಗೆದು, ಟಾರ್ಚ್ ಹಿಡಿದು ಮೇಲಿನಿಂದ ಗಂಟಲಿನೊಳಗೆ ನೋಡಿ. ಚೋಕ್ ಒಳಗೆ ತಳ್ಳಿದಾಗ ಅದರ ತಟ್ಟೆ ಪೂರ್ತಿ ನೆಟ್ಟಗೆ ನಿಲ್ಲುತ್ತದೆಯೇ? ಕೇಬಲ್ ಬಿಗಿದುಕೊಂಡು ಅರ್ಧ ಮುಚ್ಚಿಯೇ ಇದ್ದರೆ ನಿಮ್ಮ ಅರ್ಧ ತಲೆನೋವು ಅಲ್ಲೇ ಇದೆ. ಈಗ ಥ್ರಾಟಲ್ ಲಿವರನ್ನು (ಆಕ್ಸಿಲರೇಟರ್ ಎಳೆಯುವ ಲಿವರ್) ಕೈಯಿಂದ ಎಳೆಯಿರಿ. ಎಳೆದ ಕ್ಷಣದಲ್ಲೇ ಕಾರ್ಬ್ಯುರೇಟರಿನೊಳಗಿನ ಆಕ್ಸಿಲರೇಟರ್ ಪಂಪಿನ ನಾಜಲ್‌ನಿಂದ ಪೆಟ್ರೋಲಿನ ಗಟ್ಟಿ ಎಳೆ ನೇರವಾಗಿ ಕೆಳಗೆ ಚಿಮ್ಮಬೇಕು. ತಡವಾಗಿ ಬಂದರೆ, ತೊಟ್ಟಿಕ್ಕಿದರೆ, ಗೋಡೆಗೆ ಅಂಟಿಕೊಂಡು ಇಳಿದರೆ ನಿಮ್ಮ ಮುಗ್ಗರಿಕೆಯ ಕಾರಣ ಸಿಕ್ಕಿತು.

ಇನ್ನು ಎಂಜಿನ್ ಬಿಸಿಯಾಗಿ ನಿಧಾನವಾಗಿ ಓಡುತ್ತಿರುವಾಗ, ಮುಖ ದೂರವಿಟ್ಟು ಓರೆಯಿಂದ ನೋಡಿ. ಬ್ಯಾಕ್‌ಫೈರ್ ಆಗಿ ಬೆಂಕಿ ಹಿಂದಕ್ಕೆ ಚಿಮ್ಮಿದರೆ ಹುಬ್ಬು ಉಳಿಯುವುದಿಲ್ಲ. ವೆಂಚುರಿಯ (ಗಂಟಲು ಕಿರಿದಾಗುವ ಜಾಗ) ನಡುವಿನ ನಾಜಲ್‌ನಿಂದ ಪೆಟ್ರೋಲ್ ಹನಿಯುತ್ತಿದೆಯೇ? ಸ್ಲೋ ಸ್ಪೀಡಿನಲ್ಲಿ ಅದು ಒಣಗಿರಬೇಕು. ಆಗ ಎಂಜಿನ್‌ಗೆ ಪೆಟ್ರೋಲ್ ಹೋಗುವ ದಾರಿಯೇ ಬೇರೆ: ಥ್ರಾಟಲ್ ತಟ್ಟೆಯ ಕೆಳಗಿನ ಸಣ್ಣ ರಂಧ್ರ. ಕೊನೆಯದಾಗಿ ಚೋಕ್ ತಟ್ಟೆಯನ್ನು ಸ್ವಲ್ಪ ಮುಚ್ಚಿ. ಎಂಜಿನ್ ಚೇತರಿಸಿಕೊಂಡರೆ ಗಾಳಿ ಹೆಚ್ಚಾಗಿದೆ ಎಂದರ್ಥ, ಅಂದರೆ ಲೀಕ್ ಅಥವಾ ಕಟ್ಟಿಕೊಂಡ ಐಡ್ಲಿಂಗ್ ಜೆಟ್ (ಸ್ಲೋ ಸ್ಪೀಡಿಗೆ ಪೆಟ್ರೋಲ್ ಅಳೆದು ಬಿಡುವ ಸಣ್ಣ ರಂಧ್ರದ ತುಂಡು). ಕುತ್ತಿಗೆ ಹಿಸುಕಿದ ಹಾಗೆ ನಿಂತೇ ಹೋದರೆ ಪೆಟ್ರೋಲ್ ಮೊದಲೇ ಅತಿಯಾಗಿದೆ.

ಇವೆಲ್ಲದರ ಫಲಿತಾಂಶ ಬರೆಯಿರಿ. ಸ್ಲೋ ಸ್ಪೀಡ್ ಏರಿಸಿದ ಸ್ಕ್ರೂ ಹಾಗೇ ಇರಲಿ, ಅದನ್ನು ಕೊನೆಯಲ್ಲಿ ನೋಡೋಣ.

ಪ್ರಶ್ನೆ: ಸರ್, ಮಾಡಿ ನೋಡಿದೆ. ಪಾಯಿಂಟ್ ಹೊಸದು ಹಾಕಿ ಟೈಮಿಂಗ್ ಸರಿಮಾಡಿಸಿದೆ, ತುಸು ಸುಧಾರಿಸಿತು, ಅಷ್ಟೇ. ನಾಲ್ಕು ಪ್ಲಗ್‌ಗಳೂ ಒಣ ಕಪ್ಪು. ಚೋಕ್ ತಟ್ಟೆ ಸರಿಯಾಗಿ ತೆರೆಯುತ್ತದೆ. ಪಂಪ್ ನಾಜಲ್‌ನಿಂದ ತಡವಾಗಿ, ಸಣ್ಣಗೆ ಬರುತ್ತಿದೆ. ಎಂಜಿನ್ ಓಡುವಾಗ ನಡುವಿನ ನಾಜಲ್ ಹನಿಯುತ್ತಲೇ ಇದೆ. ಚೋಕ್ ಮುಚ್ಚಿದರೆ ಆಫ್. ಇನ್ನೊಂದು ವಿಷಯ, ಸ್ಲೋ ಸ್ಪೀಡಿನ ಪೆಟ್ರೋಲ್ ಹೆಚ್ಚು ಕಡಿಮೆ ಮಾಡುವ ಮಿಕ್ಸ್‌ಚರ್ ಸ್ಕ್ರೂ ಪೂರ್ತಿ ಒಳಗೆ ತಿರುಗಿಸಿದರೂ ಎಂಜಿನ್‌ಗೆ ಏನೂ ಆಗುವುದಿಲ್ಲ.

ಉತ್ತರ: ಈಗ ಕಾರ್ಬ್ಯುರೇಟರ್ ತಪ್ಪಿತಸ್ಥ ಎಂದು ಧೈರ್ಯವಾಗಿ ಹೇಳಬಹುದು. ನಡುವಿನ ನಾಜಲ್ ಹನಿಯುತ್ತಿದೆ ಎಂದರೆ ಫ್ಲೋಟ್ ಚೇಂಬರಿನಲ್ಲಿ (ಕಾರ್ಬ್ಯುರೇಟರಿನೊಳಗಿನ ಪೆಟ್ರೋಲ್ ತೊಟ್ಟಿ) ಪೆಟ್ರೋಲ್ ಮಟ್ಟ ಮೇಲೇರಿದೆ. ಅಲ್ಲಿ ತೇಲುವ ಫ್ಲೋಟ್ ಮೇಲೇರಿ ನೀಡಲ್ ವಾಲ್ವ್ ಒತ್ತಿ ಪೆಟ್ರೋಲ್ ನಿಲ್ಲಿಸಬೇಕು. ಎಂಜಿನ್ ಆ ಹನಿಯ ಮೇಲೇ ಬದುಕುತ್ತಿರುವಾಗ ಮಿಕ್ಸ್‌ಚರ್ ಸ್ಕ್ರೂವಿನ ಮಾತು ಯಾರು ಕೇಳುತ್ತಾರೆ? ಮಟ್ಟ ಏರಲು ಕಾರಣ ಮೂರು: ನೀಡಲ್ ವಾಲ್ವ್ ಸರಿಯಾಗಿ ಕೂರುತ್ತಿಲ್ಲ, ಫ್ಲೋಟ್ ತೂತಾಗಿ ಭಾರವಾಗಿದೆ, ಅಥವಾ ಪೆಟ್ರೋಲ್ ಪಂಪಿನ ಒತ್ತಡವೇ ಹೆಚ್ಚು. ಮೂರನೆಯದನ್ನು ಜನ ಮರೆಯುತ್ತಾರೆ. ಇಂಥ ಕಾರ್ಬ್ಯುರೇಟರ್‌ಗೆ ಸಾಮಾನ್ಯವಾಗಿ 0.2ರಿಂದ 0.3 ಬಾರ್ ಒತ್ತಡ ಸಾಕು. ಯಾರೋ ಇಂಜೆಕ್ಷನ್ ಕಾರಿನ ಎಲೆಕ್ಟ್ರಿಕ್ ಪಂಪ್ ಜೋಡಿಸಿದ್ದರೆ ಅದು ಸುಮಾರು 3 ಬಾರ್ ತಳ್ಳುತ್ತದೆ. ಯಾವ ನೀಡಲ್ಲೂ ಅದನ್ನು ತಡೆಯಲಾರದು.

ಬಿಚ್ಚಿ. ರಿಪೇರಿ ಕಿಟ್ ಕೈಗೆ ಬಂದ ಮೇಲೆ ಮಾತ್ರ ಬಿಚ್ಚಿ, ಹಳೆಯ ಗ್ಯಾಸ್ಕೆಟ್ ಒಂದೇ ತುಂಡಾಗಿ ಎದ್ದುಬರುವುದು ಅಪರೂಪ. ಮೊದಲು ಬ್ಯಾಟರಿಯ ನೆಗೆಟಿವ್ ಕಳಚಿ, ಎಂಜಿನ್ ತಣ್ಣಗಿರಲಿ. ಪ್ರತಿ ಲಿವರ್, ಸ್ಪ್ರಿಂಗ್, ಪೈಪಿನ ಫೋಟೊ ತೆಗೆದುಕೊಳ್ಳಿ. ಕಾರ್ಬ್ಯುರೇಟರ್ ಎತ್ತಿದ ಕೂಡಲೇ ಅದರ ಕೆಳಗಿನ ಮ್ಯಾನಿಫೋಲ್ಡಿನ (ಸಿಲಿಂಡರ್‌ಗಳಿಗೆ ಹೋಗುವ ಕೊಳವೆ) ಬಾಯಿಗೆ ಶುಭ್ರ ಬಟ್ಟೆ ತುರುಕಿ. ಅದರೊಳಗೆ ಒಂದು ನಟ್ ಬಿದ್ದರೆ ಕಾರ್ಬ್ಯುರೇಟರ್ ಕೆಲಸ ಹೋಗಿ ಹೆಡ್ ಇಳಿಸುವ ಕೆಲಸವಾಗುತ್ತದೆ.

ಮುಚ್ಚಳ ತೆಗೆದಾಗ ಚೇಂಬರಿನ ತಳ ನೋಡಿ. ಕಂದು ಬಣ್ಣದ ಅಂಟು ನಿಂತ ಪೆಟ್ರೋಲ್ ಆವಿಯಾಗಿ ಉಳಿಸಿಹೋದದ್ದು. ಬಿಳಿಯ ಪುಡಿ ಕಂಡರೆ ನೀರು ಸೇರಿ ಲೋಹವೇ ತಿಂದುಹೋಗಿದೆ. ಎಥನಾಲ್ ಬೆರೆತ ಪೆಟ್ರೋಲ್ ನೀರನ್ನು ಎಳೆದುಕೊಳ್ಳುತ್ತದೆ, ಬಹಳ ದಿನ ನಿಂತರೆ ನೀರು ತಳದಲ್ಲಿ ಬೇರೆಯಾಗಿ ಕೂರುತ್ತದೆ. ಹಳೆಯ ರಬ್ಬರ್ ಡಯಾಫ್ರಾಮ್‌ಗಳೂ (ಪಂಪಿನೊಳಗೆ ಅದುರುವ ತೆಳು ಪೊರೆ) ಎಥನಾಲ್‌ಗೆ ಉಬ್ಬುತ್ತವೆ, ಗಟ್ಟಿಯಾಗಿ ಬಿರಿಯುತ್ತವೆ. ನಿಮ್ಮ ಆಕ್ಸಿಲರೇಟರ್ ಪಂಪಿನ ಡಯಾಫ್ರಾಮ್ ಬೆಳಕಿಗೆ ಹಿಡಿದು ನೋಡಿ, ಮಡಿಕೆಯ ಸುತ್ತ ಕೂದಲೆಳೆಯ ಸೀಳು ಕಾಣಬಹುದು.

ನೀಡಲ್‌ನ ತುದಿಯನ್ನು ಉಗುರಿನಿಂದ ಸವರಿ. ಉಂಗುರದಂತೆ ಗೆರೆ ತಗುಲಿದರೆ ಸವೆದಿದೆ. ಬದಲಾಯಿಸುವಾಗ ನೀಡಲ್ ಮತ್ತು ಸೀಟ್ ಜೊತೆಯಾಗಿಯೇ ಬದಲಾಯಿಸಿ. ಫ್ಲೋಟ್ ಹಿತ್ತಾಳೆಯದಾದರೆ ಕಿವಿಯ ಬಳಿ ಅಲ್ಲಾಡಿಸಿ, ಒಳಗೆ ಪೆಟ್ರೋಲ್ ಕುಲುಕುತ್ತದೆಯೇ ಕೇಳಿ. ಇಲ್ಲದಿದ್ದರೆ ಬಿಸಿನೀರಿನಲ್ಲಿ ಮುಳುಗಿಸಿ, ತೂತಿದ್ದ ಕಡೆ ಗುಳ್ಳೆ ಏಳುತ್ತದೆ. ಅದಕ್ಕೆ ನೀವೇ ಬೆಸುಗೆ ಹಾಕಲು ಹೋಗಬೇಡಿ. ಒಳಗೆ ಪೆಟ್ರೋಲ್ ಆವಿ ಇರುವ ಫ್ಲೋಟ್ ಕಾಯಿಸಿದರೆ ಸಿಡಿಯುತ್ತದೆ. ಹೊಸ ಫ್ಲೋಟ್ ತನ್ನಿ.

ಜೆಟ್‌ಗಳ ವಿಷಯದಲ್ಲಿ ನನ್ನದು ಹಠ. ತಂತಿ, ಸೂಜಿ, ಪಿನ್ ಯಾವುದೂ ಒಳಗೆ ಹೋಗಕೂಡದು. ವೆಬರ್, ಸೋಲೆಕ್ಸ್ ಕಂಪನಿಗಳ ಜಾತಿಯ ಜೆಟ್ ಮೇಲಿನ ಸಂಖ್ಯೆ ರಂಧ್ರದ ವ್ಯಾಸ, ಮಿಲಿಮೀಟರಿನ ನೂರನೇ ಭಾಗಗಳಲ್ಲಿ. 120 ಎಂದರೆ 1.20 ಮಿ.ಮೀ. ಅದು ಮೆತ್ತನೆಯ ಹಿತ್ತಾಳೆ. ಕೆರೆದು ಕೆರೆದು 1.30 ಮಾಡಿದರೆ ರಂಧ್ರದ ವಿಸ್ತೀರ್ಣ ಶೇ. 17ರಷ್ಟು ಹೆಚ್ಚುತ್ತದೆ. ಆಮೇಲೆ ಯಾವ ಸ್ಕ್ರೂ ತಿರುಗಿಸಿದರೂ ಆ ಜೆಟ್ ಸರಿಹೋಗುವುದಿಲ್ಲ. ಕ್ಲೀನರಿನಲ್ಲಿ ನೆನೆಸಿ, ಗಾಳಿ ಊದಿ, ಬೆಳಕಿಗೆ ಹಿಡಿದು ನೋಡಿ, ರಂಧ್ರ ಪೂರ್ತಿ ದುಂಡಗೆ ಕಾಣುವ ತನಕ ಮತ್ತೆ ನೆನೆಸಿ. ಪ್ರತಿಯೊಂದರ ಸಂಖ್ಯೆ ಮತ್ತು ಯಾವ ಬ್ಯಾರೆಲ್‌ನದು ಎಂಬುದನ್ನು ಬರೆದಿಡಿ. ಎರಡು ಬ್ಯಾರೆಲ್‌ನ ಜೆಟ್‌ಗಳು ಅದಲುಬದಲಾಗಿ ಕೂತ ಗಾಡಿಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ಸ್ಪ್ರೇ ಮತ್ತು ಗಾಳಿ ಹೊಡೆಯುವಾಗ ಕನ್ನಡಕ ಕಡ್ಡಾಯ. ಒಂದು ರಂಧ್ರಕ್ಕೆ ಹೊಡೆದ ಕ್ಲೀನರ್ ಇನ್ನೊಂದರಿಂದ ನೆಟ್ಟಗೆ ಕಣ್ಣಿಗೇ ಬರುತ್ತದೆ. ಅದು ಯಾವ ರಂಧ್ರದಿಂದ ಬಂತು ಎಂದು ಗಮನಿಸಿ, ದಾರಿ ತೆರೆದಿದೆಯೇ ಎಂದು ತಿಳಿಯುವುದು ಹಾಗೆಯೇ.

ಮತ್ತೊಬ್ಬರ ಪ್ರಶ್ನೆ: ಸರ್, ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಕಾಸ್ಟಿಕ್ ಸೋಡಾ ನೀರಿನಲ್ಲಿ ಮುಳುಗಿಸಿಟ್ಟರೆ ಹೊಸದರಂತೆ ಬೆಳ್ಳಗಾಗುತ್ತದೆ ಎಂದು ಹೇಳುತ್ತಾರೆ. ಅಲ್ಟ್ರಾಸಾನಿಕ್ ಸ್ನಾನ ಮಾಡಿಸಿದರೆ ಬಿಚ್ಚುವ ಗೋಜೇ ಇಲ್ಲವಂತೆ. ಎರಡರಲ್ಲಿ ಯಾವುದು ಸರಿ?

ಉತ್ತರ: ಎರಡೂ ಅಲ್ಲ. ಕಾರ್ಬ್ಯುರೇಟರಿನ ಮೈ ಅಲ್ಯೂಮಿನಿಯಂ ಅಥವಾ ಸತುವಿನ ಮಿಶ್ರಲೋಹ. ಕಾಸ್ಟಿಕ್ ಸೋಡಾ ಎರಡನ್ನೂ ತಿನ್ನುತ್ತದೆ. ವಿನೆಗರ್, ನಿಂಬೆರಸದಂಥ ಹುಳಿಯೂ ಅಷ್ಟೇ. ಬೆಳ್ಳಗಾಗುವುದು ನಿಜ, ಮೇಲ್ಮೈ ಕರಗಿ ಹೋದ ಮೇಲೆ. ಅಲ್ಟ್ರಾಸಾನಿಕ್ ಒಳ್ಳೆಯ ಸಾಧನ, ಆದರೆ ಪೂರ್ತಿ ಬಿಚ್ಚಿದ ಮೇಲೆ, ರಬ್ಬರ್, ಪ್ಲಾಸ್ಟಿಕ್, ಡಯಾಫ್ರಾಮ್ ಎಲ್ಲ ಹೊರಗಿಟ್ಟ ಮೇಲೆ. ಅದು ಕೊಳೆ ತೆಗೆಯುತ್ತದೆ, ಸವೆತ ತುಂಬುವುದಿಲ್ಲ.

ಸವೆತದ ಮಾತು ಬಂತಲ್ಲ, ಮೊದಲು ಕೇಳಿದವರೂ ಗಮನಿಸಿ. ಥ್ರಾಟಲ್ ತಟ್ಟೆಯ ಕಡ್ಡಿಯನ್ನು ಎರಡು ಬೆರಳಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಕಟಕಟ ಎನ್ನುವಷ್ಟು ಆಟವಿದ್ದರೆ ಅಲ್ಲಿಂದ ಕಳ್ಳಗಾಳಿ ನುಗ್ಗುತ್ತದೆ, ಸ್ಲೋ ಸ್ಪೀಡ್ ಒಂದು ಕಡೆ ನಿಲ್ಲುವುದಿಲ್ಲ. ಯಾವ ಕಿಟ್, ಯಾವ ಕ್ಲೀನರ್ ಇದನ್ನು ಸರಿಮಾಡದು. ಲೇತ್‌ನವರಿಂದ ಬುಷ್ (ಕಡ್ಡಿ ತಿರುಗುವ ಒಳಬಳೆ) ಹಾಕಿಸಬೇಕು. ಹಳೆಯ ಕಾರ್ಬ್ಯುರೇಟರ್ ಉಳಿಸಬೇಕೇ ಬೇಡವೇ ಎಂದು ನಾನು ನಿರ್ಧರಿಸುವುದು ಈ ಕಡ್ಡಿಯನ್ನು ಅಲ್ಲಾಡಿಸಿ ನೋಡಿಯೇ. ಆಟ ಸ್ವಲ್ಪವೇ ಇದ್ದು ಮೈ ತಿಂದುಹೋಗಿರದಿದ್ದರೆ ಹಳೆಯದೇ ಮೇಲು. ಕಂಪನಿಯ ಜೆಟ್ ಲೆಕ್ಕ ನಿಮ್ಮ ಎಂಜಿನ್‌ಗೆಂದೇ ಹೊಂದಿಸಿದ್ದು. ಅಗ್ಗದ ನಕಲಿನಲ್ಲಿ ಅದೇ ಲೆಕ್ಕ ಸಿಗುವ ಖಾತರಿಯಿಲ್ಲ.

ಪ್ರಶ್ನೆ: ಸರ್, ಎಲ್ಲವನ್ನೂ ಸ್ವಚ್ಛ ಮಾಡಿದೆ. ನೀಡಲ್‌ಗೆ ಉಂಗುರದ ಗೆರೆ ಇತ್ತು, ಡಯಾಫ್ರಾಮ್ ಸೀಳಿತ್ತು. ಕಡ್ಡಿಯಲ್ಲಿ ಆಟ ಅಷ್ಟಾಗಿ ಇಲ್ಲ. ಮುಚ್ಚಳವನ್ನು ಗಾಜಿನ ಮೇಲಿಟ್ಟರೆ ತುಸು ಅಲುಗುತ್ತದೆ. ಸಿಲಿಕೋನ್ ಸೀಲಂಟ್ ಹಚ್ಚಿ ಕೂರಿಸಲೇ?

ಉತ್ತರ: ಬೇಡವೇ ಬೇಡ. ಸಾಮಾನ್ಯ ಸಿಲಿಕೋನ್ ಪೆಟ್ರೋಲಿಗೆ ಉಬ್ಬಿ ಕಿತ್ತುಕೊಂಡು ಬರುತ್ತದೆ, ನೀವು ಈಗ ಕಷ್ಟಪಟ್ಟು ತೆರೆದ ರಂಧ್ರಗಳಲ್ಲೇ ಹೋಗಿ ಕೂರುತ್ತದೆ. ಹಿಂದೆ ಯಾರೋ ಸ್ಕ್ರೂ ಬಲವಾಗಿ ಬಿಗಿದು ಮುಚ್ಚಳವನ್ನು ಬಗ್ಗಿಸಿದ್ದಾರೆ. ಗಾಜಿನ ಮೇಲೆ ನಯವಾದ ಎಮರಿ ಕಾಗದ ಹಾಸಿ, ಫ್ಲೋಟ್ ಮತ್ತು ಚಾಚಿಕೊಂಡ ಭಾಗಗಳೆಲ್ಲ ಕಳಚಿದ್ದರೆ ಮಾತ್ರ, ಎಂಟರ ಆಕಾರದಲ್ಲಿ ಹಗುರವಾಗಿ ಉಜ್ಜಿ. ಹೊಳಪು ಸುತ್ತಲೂ ಒಂದೇ ಸಮ ಬಂದಾಗ ಸಾಕು. ಮತ್ತೆ ತೊಳೆದು ಗಾಳಿ ಊದಿ.

ಫ್ಲೋಟ್ ಮಟ್ಟಕ್ಕೆ ನಿಮ್ಮ ಕಾರ್ಬ್ಯುರೇಟರಿನ ಕೈಪಿಡಿಯ ಅಳತೆಯೇ ಪ್ರಮಾಣ, ಅಂದಾಜು ಬೇಡ. ಗ್ಯಾಸ್ಕೆಟ್ ಇಟ್ಟು ಅಳೆಯಬೇಕೋ ಇಲ್ಲದೆಯೋ ಎಂಬುದನ್ನೂ ಅದರಲ್ಲೇ ನೋಡಿ. ಸಾಮಾನ್ಯವಾಗಿ ಮುಚ್ಚಳವನ್ನು ಲಂಬವಾಗಿ ಹಿಡಿದು, ಫ್ಲೋಟಿನ ನಾಲಿಗೆ ನೀಡಲ್‌ನ ಸ್ಪ್ರಿಂಗ್ ಗುಂಡನ್ನು ಒತ್ತದೆ ಮುಟ್ಟಿ ನಿಂತಾಗ ಅಳೆಯುತ್ತಾರೆ. ವ್ಯತ್ಯಾಸವಿದ್ದರೆ ಆ ನಾಲಿಗೆಯನ್ನು ಕೂದಲೆಳೆಯಷ್ಟು ಬಗ್ಗಿಸಿ. ಫ್ಲೋಟನ್ನು ನೀಡಲ್ ಮೇಲೆ ಅದುಮಿ ಬಗ್ಗಿಸಿದರೆ ಹೊಸ ನೀಡಲ್‌ನ ತುದಿ ಅಲ್ಲೇ ಹಾಳು.

ಕೂರಿಸುವಾಗ ಮ್ಯಾನಿಫೋಲ್ಡ್ ಮತ್ತು ಕಾರ್ಬ್ಯುರೇಟರ್ ನಡುವಿನ ದಪ್ಪ ತಡೆಯನ್ನು ಬಿಡಬೇಡಿ. ಎಂಜಿನ್ನಿನ ಶಾಖ ಮೇಲೇರಿ ಚೇಂಬರಿನ ಪೆಟ್ರೋಲ್ ಕುದಿಯದಂತೆ ತಡೆಯುವುದೇ ಅದು. ನಟ್‌ಗಳನ್ನು ಎದುರುಬದುರಾಗಿ, ಸ್ವಲ್ಪಸ್ವಲ್ಪವೇ ಬಿಗಿಯಿರಿ. ಹೊಸ ಪೆಟ್ರೋಲ್ ಫಿಲ್ಟರ್ ಹಾಕಿ. ಸ್ಟಾರ್ಟ್ ಮಾಡಿದ ಕೂಡಲೇ ಪೈಪಿನ ಜೋಡಣೆಗಳಲ್ಲಿ ಸೋರಿಕೆ ನೋಡಿ, ಅಗ್ನಿಶಾಮಕ ಸಾಧನ ಕೈಗೆಟುಕುವಂತಿರಲಿ.

ಟ್ಯೂನಿಂಗ್ ಮಾಡುವಾಗ ಎಂಜಿನ್ ಪೂರ್ತಿ ಬಿಸಿ, ಚೋಕ್ ಪೂರ್ತಿ ತೆರೆದು, ಏರ್ ಫಿಲ್ಟರ್ ಹಾಕಿಯೇ ಇರಬೇಕು. ಮಿಕ್ಸ್‌ಚರ್ ಸ್ಕ್ರೂ ಹಗುರವಾಗಿ ತಳ ಮುಟ್ಟಿಸಿ, ಬಿಗಿದರೆ ಅದರ ಮೊನೆ ಹಾಳಾಗುತ್ತದೆ. ಅಲ್ಲಿಂದ ಒಂದೂವರೆ-ಎರಡು ಸುತ್ತು ಹೊರಗೆ ಬಂದು ಶುರುಮಾಡಿ. ನಿಧಾನವಾಗಿ ಒಳಗೆ ಹೊರಗೆ ತಿರುಗಿಸುತ್ತ ಎಂಜಿನ್ ಅತಿ ನುಣುಪಾಗಿ, ಅತಿ ವೇಗವಾಗಿ ತಿರುಗುವ ಜಾಗ ಹುಡುಕಿ, ಆಮೇಲೆ ಹಿಂದಿನವರು ಏರಿಸಿಟ್ಟ ಸ್ಲೋ ಸ್ಪೀಡ್ ಸ್ಕ್ರೂ ಇಳಿಸಿ. ಎರಡನ್ನೂ ಸರದಿಯಂತೆ ಮತ್ತೆ ಮತ್ತೆ ಹೊಂದಿಸಬೇಕಾಗುತ್ತದೆ. ಮಿಕ್ಸ್‌ಚರ್ ಸ್ಕ್ರೂ ಒಳಗೆ ಹೋದಂತೆ ಎಂಜಿನ್ ಈಗ ಪೆಟ್ರೋಲ್ ಸಾಲದೆ ಕುಂಟಿ ನಿಲ್ಲಬೇಕು. ಆಗಲೂ ಅದಕ್ಕೆ ಕಿವಿಗೊಡದಿದ್ದರೆ ಥ್ರಾಟಲ್ ತಟ್ಟೆ ಬೇಕಾದದ್ದಕ್ಕಿಂತ ಹೆಚ್ಚು ತೆರೆದಿದೆ, ಇಲ್ಲವೇ ನಾಜಲ್ ಇನ್ನೂ ಹನಿಯುತ್ತಿದೆ.

ಪ್ರಶ್ನೆ: ಸರ್, ಗಾಡಿ ಸಿಗ್ನಲ್‌ನಲ್ಲಿ ನಿಂತೂ ಆಫ್ ಆಗುತ್ತಿಲ್ಲ, ಮುಗ್ಗರಿಕೆ ಹೋಯಿತು. ತುಂಬ ಧನ್ಯವಾದ. ಒಂದು ಸಣ್ಣ ಅನುಮಾನ. ಎಂಜಿನ್ ಆಯಿಲ್ ಕಡ್ಡಿ ಎಳೆದು ನೋಡಿದರೆ ಮಟ್ಟ ಮೇಲಿನ ಗುರುತನ್ನೂ ದಾಟಿದೆ. ನಾನು ಆಯಿಲ್ ಹಾಕಿಯೇ ಇಲ್ಲ.

ಉತ್ತರ: ಅದು ಸಣ್ಣ ಅನುಮಾನವಲ್ಲ. ಕಡ್ಡಿಯನ್ನು ಮೂಸಿ ನೋಡಿ, ಪೆಟ್ರೋಲ್ ವಾಸನೆ ಇರುತ್ತದೆ. ಇಷ್ಟು ಕಾಲ ಹನಿದದ್ದರಲ್ಲಿ ಉರಿಯದೆ ಉಳಿದದ್ದು ಸಿಲಿಂಡರ್ ಗೋಡೆಯಿಂದ ಇಳಿದು ಸಂಪ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಸೇರಿದೆ. ತೆಳುವಾದ ಆಯಿಲ್‌ನಲ್ಲಿ ಬೇರಿಂಗ್ ಉಳಿಯುವುದಿಲ್ಲ. ಗಾಡಿಯನ್ನು ಇದ್ದಲ್ಲೇ ನಿಲ್ಲಿಸಿ ಆಯಿಲ್ ಮತ್ತು ಫಿಲ್ಟರ್ ಬದಲಾಯಿಸಿ, ಆಮೇಲೆ ಸ್ಟಾರ್ಟ್ ಮಾಡಿ. ಕೆಲವು ದಿನ ಓಡಿಸಿ ಕಡ್ಡಿ ಮತ್ತೆ ನೋಡಿ. ಮಟ್ಟ ಮತ್ತೆ ಏರಿದರೆ, ನಿಮ್ಮದು ಎಂಜಿನ್ನಿಗೆ ಬೋಲ್ಟ್ ಮಾಡಿದ ಮೆಕ್ಯಾನಿಕಲ್ ಪೆಟ್ರೋಲ್ ಪಂಪ್ ಆಗಿದ್ದರೆ, ಅದರ ಡಯಾಫ್ರಾಮ್ ಕೂಡ ಹರಿದಿದೆ. ಅದೇ ಕಾಲದ್ದು, ಅದೇ ಪೆಟ್ರೋಲ್ ಕುಡಿದದ್ದು.