ಪದ ಬೇಕು: ‘ಗನ್ ಥಗ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟು. ಕಾಲೇಜಿನ ಪ್ರದರ್ಶನಕ್ಕೆ ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ಕಲ್ಲಿದ್ದಲು ಗಣಿ ಕಾರ್ಮಿಕರ ಬಗ್ಗೆ ಫಲಕ ಬರೆಯುತ್ತಿದ್ದೇನೆ. ಸಂಜೆ ಫ್ಲೆಕ್ಸ್ ಅಂಗಡಿಗೆ ಕೊಡಬೇಕು. ಅಲ್ಲಿನ ಗಣಿ ಮಾಲೀಕರು ಬಾಲ್ಡ್‌ವಿನ್-ಫೆಲ್ಟ್ಸ್ ಪತ್ತೇದಾರಿ ಏಜೆನ್ಸಿಯ ಆಳುಗಳನ್ನು ಇಟ್ಟುಕೊಂಡಿದ್ದರು. ಯೂನಿಯನ್ ಸೇರಿದವರನ್ನು ಕಂಪನಿ ಮನೆಯಿಂದ ಎಬ್ಬಿಸಿ, ಪಾತ್ರೆ ಪಗಡೆ ಬೀದಿಗೆ ಹಾಕುವುದು ಇವರ ಕೆಲಸ. ಕಾರ್ಮಿಕರ ಬಾಯಲ್ಲಿ ಇವರು ‘ಗನ್ ಥಗ್’ಗಳು. 1920ರ ಮೇ 19ರಂದು ಮೇಟ್‌ವಾನ್ ಊರಲ್ಲಿ ಹೀಗೆ ಮನೆ ಖಾಲಿ ಮಾಡಿಸಿದ ಮೇಲೆ ಗುಂಡು ಹಾರಿ 10 ಜನ ಸತ್ತರು. ಅದರಲ್ಲಿ 7 ಮಂದಿ ಏಜೆನ್ಸಿಯವರೇ. ನಾನು ‘ಬಂದೂಕು ಠಕ್ಕರು’ ಅಂತ ಹಾಕಿದ್ದೇನೆ. ನಡೆಯುತ್ತಾ?

> ಬಂದೂಕು ಠಕ್ಕರು

ನಡೆಯಲ್ಲ. ಥಗ್ ನಮ್ಮ ಠಕ್ಕನ ದಾಯಾದಿಯೇ, ಸರಿ. ಆದರೆ ಹಿಂದಿಯ ಠಗ್ ಇಂಗ್ಲಿಷಿಗೆ ಹೋಗಿ ಕೊಲೆಗಡುಕನಾದ. ಕನ್ನಡದ ಠಕ್ಕ ಇನ್ನೂ ತೂಕದಲ್ಲಿ ಮೋಸ ಮಾಡಿಕೊಂಡು ಕೂತಿದ್ದಾನೆ. ‘ಬಾಡಿಗೆ ಗೂಂಡಾ’ ಅನ್ನಿ, ಮುಗೀತು.

> ಬಾಡಿಗೆ ಗೂಂಡಾ

ಗೂಂಡಾ ಹಿಂದಿ. ಬಾಡಿಗೆ ಸಂಸ್ಕೃತದ ಭಾಟಕ. ನಮ್ಮದು ಅಂತ ಏನೂ ಇಲ್ವಾ? ಕೊಡಗಿನಲ್ಲಿ ಇವತ್ತಿಗೂ ಕೋವಿ ಅಂತಾರೆ. ಪುಂಡ ಇದ್ದಾನೆ. ‘ಕೂಲಿ ಕೋವಿಪುಂಡರು’. ಎಷ್ಟು ಚೆನ್ನಾಗಿ ಕೂರುತ್ತೆ ನೋಡಿ.

> ಕೂಲಿ ಕೋವಿಪುಂಡರು

ಸ್ವಾಮಿ, ಫಲಕ ಕೂಲಿಕಾರರ ಪರ ಇದೆ. ಇದನ್ನು ಓದಿದವರು ಕೂಲಿಯವರೇ ಪುಂಡರು ಅಂದುಕೊಳ್ಳುತ್ತಾರೆ. ಹೊಡೆದವರು ಯಾರು, ಹೊಡೆಸಿಕೊಂಡವರು ಯಾರು ಅನ್ನೋದೇ ಅದಲುಬದಲು.

ಇನ್ನೊಂದು ಕೇಳಿಬಿಡುತ್ತೇನೆ. 1921ರ ಆಗಸ್ಟ್ ಕೊನೆಯಲ್ಲಿ ಸುಮಾರು 10,000 ಕಾರ್ಮಿಕರು ಕುತ್ತಿಗೆಗೆ ಕೆಂಪು ಕರವಸ್ತ್ರ ಕಟ್ಟಿಕೊಂಡು, ರೈಫಲ್ ಹಿಡಿದು ಬ್ಲೇರ್ ಬೆಟ್ಟದ ಕಡೆ ಹೊರಟರು. ಇದಕ್ಕೆ ‘ಮುಷ್ಕರ’ ಸಾಕಾ?

> ಮುಷ್ಕರ

ಸಾಲದು. ಮುಷ್ಕರ ಅಂದ್ರೆ ಕೆಲಸ ನಿಲ್ಲಿಸೋದು. ಇಲ್ಲಿ ಶೆರಿಫ್ (ಅಲ್ಲಿನ ಪೊಲೀಸ್ ಮುಖ್ಯಸ್ಥ) ಕಡೆಯವರು ಖಾಸಗಿ ವಿಮಾನದಿಂದ ಬಾಂಬ್ ಹಾಕಿದ್ದಾರೆ. ಕೊನೆಗೆ ಕೇಂದ್ರ ಸರ್ಕಾರದ ಸೇನೆಯೇ ಬಂದಿದೆ. ‘ದಂಗೆ’ ಅನ್ನಿ.

ಮುಷ್ಕರ ಬೇಡವೇ ಬೇಡ. ತೆಲುಗು ಪತ್ರಿಕೆ ತೆರೆದು ನೋಡಿ, ‘ಮುಷ್ಕರುಲು’ ಅಂದ್ರೆ ಉಗ್ರರು. ಅವರು ಸ್ಟ್ರೈಕಿಗೆ ‘ಸಮ್ಮೆ’ ಅಂತಾರೆ. ನಾವು ಮಾತ್ರ ಮೊಂಡನ ಹೆಸರನ್ನು ಕಾರ್ಮಿಕನ ತಲೆಗೆ ಕಟ್ಟಿದ್ದೇವೆ.

ತೆಲುಗಿನವರ ಅರ್ಥ ತೆಲುಗಿನವರಿಗೆ. ನಮ್ಮ ಬಸ್ ನೌಕರರು ಮುಷ್ಕರ ಮಾಡಿದಾಗ ಯಾರಾದ್ರೂ ಉಗ್ರರು ಅಂದುಕೊಂಡರಾ? ಸುಮ್ನೆ ಎಳೀಬೇಡಿ.

‘ಗಣಿ ಮಾಲೀಕರ ಬಾಡಿಗೆ ಗೂಂಡಾಗಳು’, ‘ಬ್ಲೇರ್ ಬೆಟ್ಟದ ಬಂಡಾಯ’ ಅಂತ ಬರೆದು ಅಂಗಡಿಗೆ ಕಳಿಸಿದೆ. ಎಲ್ಲರಿಗೂ ಥ್ಯಾಂಕ್ಸ್.

> ಮಾಲೀಕರ

ಅರಬ್ಬಿ. ‘ಒಡೆಯ’ ಅನ್ನೋಕೆ ಏನಾಗಿತ್ತು?