ಮಂಗಳೂರು ಹಂಚು ಶುರುವಾದ್ದು 1860ಆ 1865ಆ? ಪೇಪರಿಗೆ ಯಾವ ಸೋರ್ಸ್ ನಂಬುದು?

ಬಂಗುಡೆ_ಗಸಿ:
ನಾನು ಡಿಗ್ರಿ ಕೊನೆ ವರ್ಷ, ಹಿಸ್ಟರಿ ಪೇಪರಿಗೆ ಮಂಗಳೂರು ಹಂಚು ಅಂತ ಟಾಪಿಕ್ ತಗೊಂಡೆ, ನಮ್ಮೂರಿದ್ದೇ ಅಲ್ವಾ ಸುಲಭ ಆಗ್ತದೆ ಅಂತ. ಈಗ ನೋಡಿದ್ರೆ ಬಾಸೆಲ್ ಮಿಶನ್‌ನವರು (ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಶನರಿ ಸಂಸ್ಥೆ) ಟೈಲ್ ಫ್ಯಾಕ್ಟ್ರಿ ಹಾಕಿದ್ದು 1860 ಅಂತ ಐದು ಸೈಟಲ್ಲಿ ಉಂಟು, 1865 ಅಂತ ಎರಡರಲ್ಲಿ. ಜಾಸ್ತಿ ಇದ್ದದ್ದನ್ನೇ ಹಾಕುದಾ? ಮೇಡಂ ಎಂಟು ಸೋರ್ಸ್ ಬೇಕು, ವಿಕಿಪೀಡಿಯ ಆಗುದಿಲ್ಲ ಅಂತಾರೆ. ಅಜ್ಜಿ ಮನೆ ಮಾಡಿನ ಹಂಚಲ್ಲಿ 1865 ಅಂತ ಅಚ್ಚು ಉಂಟು, ಅದರ ಫೋಟೋ ಹಾಕಿದ್ರೆ ನೆಗಾಡ್ತಾರಾ? ಮುಂದಿನ ಸೋಮವಾರ ಕೊಡ್ಬೇಕು.

ಹಳೆ_ಕಡತ:
ಆ ಐದು ಸೈಟನ್ನೂ ಪಕ್ಕಪಕ್ಕ ಇಟ್ಟು ಓದಿ ಮಾರಾಯ್ರೆ. ಅದೇ ವಾಕ್ಯ ಅದೇ ಕಾಮಾ ಇದ್ರೆ ಅದು ಐದು ಸಾಕ್ಷಿ ಅಲ್ಲ, ಒಬ್ಬನೇ ಐದು ಶರ್ಟು ಬದಲಿಸಿ ಬಂದದ್ದು. ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಲ್ಲಿ ಫ್ಯಾಕ್ಟ್ರಿ ಶುರು ಮಾಡಿದ್ದು 1865ರಲ್ಲಿ. ಮಿಶನ್ನಿನ ದಾಖಲೆ ಬಾಸೆಲ್ ಆರ್ಕೈವ್ಸ್‌ನಲ್ಲಿ ಉಂಟು, ಹಳೆ ಫೋಟೋ ಮ್ಯಾಪ್ ಎಲ್ಲ ಆನ್‌ಲೈನೇ ನೋಡ್ಬಹುದು. ಬಲ್ಮಠದ ಥಿಯಾಲಾಜಿಕಲ್ ಕಾಲೇಜಿನ ಲೈಬ್ರರಿಯಲ್ಲೂ ಕೇಳಿ, ಕಾಲೇಜಿಂದ ಒಂದು ಲೆಟರ್ ಹಿಡ್ಕೊಂಡು ಹೋಗಿ. ಆದ್ರೆ ಒಂದು, ಮಿಶನ್ ರಿಪೋರ್ಟ್ ಬರೆದದ್ದು ಯುರೋಪಲ್ಲಿ ದುಡ್ಡು ಕೊಡುವವರು ಓದ್ಲಿಕ್ಕೆ. ವರ್ಷ, ಜಾಗ ತಗೊಳ್ಳಿ, ಕೆಲಸದವರು ಭಾರೀ ಖುಷಿಯಲ್ಲಿದ್ರು ಅಂತ ಇದ್ರೆ ಹಾಗೇ ಎತ್ತಿ ಹಾಕ್ಬೇಡಿ.

ಮತ್ತೆ ಹುಡುಕುವಾಗ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆ ಅಂತ ಹಾಕಿದ್ರೆ ಹಳೆದು ಬರುದಿಲ್ಲ. ಉಡುಪಿ ಬೇರೆ ಜಿಲ್ಲೆ ಆದದ್ದೇ 1997ರಲ್ಲಿ! ಹಂಚು ಶುರುವಾದ ಕಾಲದಲ್ಲಿ ಇದೆಲ್ಲ ಸೌತ್ ಕೆನರಾ, ಮದ್ರಾಸಿಗೆ ಸೇರಿದ್ದು, ಹಾಗಾಗಿ ಸರಕಾರಿ ಕಡತ ಬೇಕಿದ್ರೆ ಚೆನ್ನೈ ಆರ್ಕೈವ್ಸ್. ಸೋಮವಾರದ ಒಳಗೆ ಅದೆಲ್ಲ ಆಗುವ ಮಾತಲ್ಲ ಬಿಡಿ, ಬ್ರಿಟಿಷ್ ಅಧಿಕಾರಿ ಸ್ಟರಾಕ್ 1894ರಲ್ಲಿ ಬರೆದ ಸೌತ್ ಕೆನರಾ ಮ್ಯಾನ್ಯುವಲ್ (ಜಿಲ್ಲೆಯ ಮಾಹಿತಿ ಪುಸ್ತಕ) ನೆಟ್ಟಲ್ಲಿ ಫ್ರೀ ಸಿಗ್ತದೆ, ಅದನ್ನು ನೋಡಿ.

ಕಡ್ಲೆ_ಬಜಿಲ್:
ಎಐ ಹತ್ರ ಮಾತ್ರ ಸೋರ್ಸ್ ಕೇಳ್ಬೇಡಿ. ನಂಗೆ ಹೋದ ವರ್ಷ ಪುಸ್ತಕದ ಹೆಸರು, ಪೇಜ್ ನಂಬರ್ ಎಲ್ಲ ಚಂದ ಕೊಟ್ಟಿತ್ತು, ಲೈಬ್ರರಿಯಲ್ಲಿ ಒಂದು ಮಧ್ಯಾಹ್ನ ಪೂರ್ತಿ ಹುಡುಕಿದ್ದು, ಆಮೇಲೆ ಗೊತ್ತಾಯ್ತು ಅಂಥ ಪುಸ್ತಕವೇ ಇಲ್ಲ ಅಂತ 😭 ಶೋಧಗಂಗಾದಲ್ಲಿ (ಭಾರತದ ಯೂನಿವರ್ಸಿಟಿಗಳ ಥೀಸಿಸ್ ಇಡುವ ಸೈಟ್) ಪಿಎಚ್‌ಡಿ ಥೀಸಿಸ್ ಉಂಟು, ಮೊದಲು ಅದರ ಕೊನೆಯ ಗ್ರಂಥಸೂಚಿ ತೆಗೆದು ನೋಡಿ, ಅರ್ಧ ಕೆಲಸ ಅಲ್ಲೇ ಆಗ್ತದೆ. ವಿಕಿದೂ ಅಷ್ಟೇ, ಕೆಳಗಿನ ಅಡಿಟಿಪ್ಪಣಿ ಹಿಡ್ಕೊಂಡು ಮೂಲಕ್ಕೆ ಹೋಗಿ.

ಹಳೆ_ಕಡತ:
ಹಂಚಿನದ್ದು ಹೇಳ್ಲಿಕ್ಕೆ ಬಿಟ್ಟುಹೋಯ್ತು. ಫೋಟೋ ಹಾಕಿ, ಯಾರೂ ನೆಗಾಡುದಿಲ್ಲ. ಆದ್ರೆ ಆ 1865 ಕಂಪೆನಿ ಶುರುವಾದ ವರ್ಷ, ಹಂಚು ಸುಟ್ಟ ವರ್ಷ ಅಲ್ಲ. ಮೊದಲನೇ ಮಹಾಯುದ್ಧದ ಸಮಯ ಬ್ರಿಟಿಷರು ಮಿಶನ್ನಿನ ಫ್ಯಾಕ್ಟ್ರಿಗಳನ್ನು ಕಿತ್ಕೊಂಡು ಆಮೇಲೆ ಕಾಮನ್‌ವೆಲ್ತ್ ಟ್ರಸ್ಟ್ ಅನ್ನುವ ಕಂಪೆನಿ ನಡೆಸಿದ್ದು, ಅವರ ಹಂಚಲ್ಲೂ ಅದೇ 1865. ಅಜ್ಜಿ ಮನೆಗೆ ಅಷ್ಟು ವಯಸ್ಸಾಗಿದೆ ಅಂತ ಬರೆದ್ರೆ ಸಿಕ್ಕಿಬೀಳ್ತೀರಿ.

ಬಂಗುಡೆ_ಗಸಿ:
ಅಯ್ಯೋ, ಹಾಗೇ ಬರೆದಾಗಿತ್ತು, ಈಗ ಅಳಿಸಿದೆ. ಅಜ್ಜಿಗೆ ಫೋನ್ ಮಾಡಿದ್ರೆ ಪಕ್ಕದ ಮನೆ ಅಜ್ಜ ಫ್ಯಾಕ್ಟ್ರಿಯಲ್ಲಿ ಕೆಲಸಕ್ಕಿದ್ದವರಂತೆ! ಭಾನುವಾರ ಹೋಗ್ತೇನೆ. ಅವರು ಹೇಳಿದ್ದನ್ನು ಸೋರ್ಸಲ್ಲಿ ಹೇಗೆ ಹಾಕುದು?

ಕಡ್ಲೆ_ಬಜಿಲ್:
ಹೆಸರು, ಊರು, ಮಾತಾಡಿದ ತಾರೀಕು, ಸಂದರ್ಶನ ಅಂತ. ಹೆಸರು ಹಾಕ್ಬಹುದಾ ಅಂತ ಮೊದಲೇ ಕೇಳಿ. ಮತ್ತೆ ಅಜ್ಜ ತುಳುವಲ್ಲಿ ಹೇಳಿದ್ರೆ ತುಳುವಲ್ಲೇ ಬರ್ಕೊಳ್ಳಿ, ಕನ್ನಡ ಮಾಡುದು ಮನೆಗೆ ಬಂದ ಮೇಲೆ.